ಡ್ರೋನ್ ಚೆನ್ನಾಗಿದೆ, ಅಂಗಡಿಯವರ ಮಾತು ನಂಬಬೇಡಿ

ಬೆಂಗಳೂರಿನ ಒಂದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಕ್ಯಾಮೆರಾ ಇರುವ ಪುಟ್ಟ ಡ್ರೋನ್ ತಗೊಂಡೆ. ಊರಲ್ಲಿ ತೆಂಗಿನ ತೋಟದ ವಿಡಿಯೋ ಮಾಡೋ ಆಸೆ, ಅಷ್ಟೇ. ಚಿತ್ರ ಸ್ಪಷ್ಟವಾಗಿದೆ, ಗಾಳಿ ಬೀಸಿದರೂ ಜಾಸ್ತಿ ಅಲುಗಾಡಲ್ಲ. ಅದರ ಬಗ್ಗೆ ತಕರಾರಿಲ್ಲ.

ತಕರಾರು ಇರೋದು ಅಂಗಡಿಯವರ ಮೇಲೆ. "ಸರ್, 250 ಗ್ರಾಂ ಒಳಗಿದೆ, ಏನೂ ಬೇಡ, ಸುಮ್ನೆ ಹಾರಿಸಿ" ಅಂದರು. ಮನೆಗೆ ಬಂದು ಅಡುಗೆಮನೆಯ ತಕ್ಕಡಿಯಲ್ಲಿ ಇಟ್ಟೆ. ಬ್ಯಾಟರಿ, ರೆಕ್ಕೆಯ ಗಾರ್ಡ್ ಎಲ್ಲ ಸೇರಿ 262! ನಿಯಮದಲ್ಲಿ ಲೆಕ್ಕ ಹಿಡಿಯೋದು ಹಾರುವಾಗಿನ ಪೂರ್ತಿ ತೂಕವನ್ನೇ. 250 ದಾಟಿದರೆ ಅದು ಅತಿ ಹಗುರ ಡ್ರೋನ್‌ಗಳ ‘ನ್ಯಾನೋ’ ವರ್ಗ ಅಲ್ಲ, ಅದರ ಮೇಲಿನ ‘ಮೈಕ್ರೋ’ ವರ್ಗ. ಗಾರ್ಡ್ ಬಿಚ್ಚಿಟ್ಟೆ, 247ಕ್ಕೆ ಇಳಿಯಿತು.

ನ್ಯಾನೋ ಆದರೂ "ಏನೂ ಬೇಡ" ಅನ್ನೋದು ಸುಳ್ಳು. 2021ರ ಡ್ರೋನ್ ನಿಯಮಗಳ ಪ್ರಕಾರ ಪೈಲಟ್ ಸರ್ಟಿಫಿಕೇಟ್ ಬೇಡ, ನಿಜ. ಆದರೆ ನೋಂದಣಿ ಮಾಡಿಸಿ ಯುಐಎನ್ ನಂಬರ್ (ಡ್ರೋನ್‌ನ ಪ್ರತ್ಯೇಕ ಗುರುತಿನ ಸಂಖ್ಯೆ) ತಗೊಳ್ಳಬೇಕು. ಶುಲ್ಕ 100 ರೂಪಾಯಿ, ಅದಕ್ಕೇಕೆ ಸುಳ್ಳು ಹೇಳಬೇಕಿತ್ತೋ! ಇನ್ನೊಂದು ವಿಷಯ, 2022ರ ಫೆಬ್ರವರಿಯಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧವಿದೆ, ಆದ್ದರಿಂದ ಬಿಲ್ ಕೊಡದೆ "ಇಂಪೋರ್ಟೆಡ್ ಪೀಸ್" ಅಂತ ತೋರಿಸಿದರೆ ಅಲ್ಲಿಂದ ಹಾಗೇ ವಾಪಸ್ ಬನ್ನಿ.

ನಮ್ಮ ಮನೆ ಯಲಹಂಕದಲ್ಲಿ, ಪಕ್ಕದಲ್ಲೇ ವಾಯುನೆಲೆ, ಹಾಗಾಗಿ ಟೆರೇಸ್ ಮೇಲೆ ಹಾರಿಸೋ ಮಾತೇ ಇಲ್ಲ. ಎಲ್ಲಿ ಹಾರಿಸಬಹುದು ಅಂತ ತೋರಿಸುವ ಸರ್ಕಾರದ ‘ಡಿಜಿಟಲ್ ಸ್ಕೈ’ ಮ್ಯಾಪ್‌ನಲ್ಲಿ ಹಸಿರು ಬಣ್ಣ ಇರುವ ಕಡೆ 400 ಅಡಿವರೆಗೆ ಅನುಮತಿ ಕೇಳಬೇಕಿಲ್ಲ, ವಿಮಾನ ನಿಲ್ದಾಣದಿಂದ 8ರಿಂದ 12 ಕಿ.ಮೀ. ಒಳಗಾದರೆ 200 ಅಡಿ ಮಾತ್ರ.

ಡ್ರೋನ್‌ಗೆ ನಾಲ್ಕು ಸ್ಟಾರ್, ಅಂಗಡಿಗೆ ಒಂದು. ಆ ಒಂದೂ ಅವರು ಕೊಟ್ಟ ಕಾಫಿಗೆ.