ಸಿಂಥೆಟಿಕ್, ಅಸಲಿ ಕೂದಲು, ಟಾಪರ್, ಪ್ಯಾಚ್: ಕರಾವಳಿ ಸೆಲೂನಿಗೆ ಒಗ್ಗುವುದು ಯಾವುದು?

ಕುಮಟಾದಲ್ಲಿ ನಮ್ಮ ಸೆಲೂನಿಗೆ ಎರಡು ಬಾಗಿಲು. ಹೆಂಗಸರ ಕಡೆ ನಾನು, ಗಂಡಸರ ಕಡೆ ನನ್ನ ತಮ್ಮ. ವಿಗ್ ಕೆಲಸವನ್ನೂ ಸೇರಿಸಿಕೊಳ್ಳೋಣ ಎಂದಾಗ ಸಿಕ್ಕ ಸಲಹೆಯೆಲ್ಲ ಬೆಂಗಳೂರು, ದಿಲ್ಲಿ ಕಡೆಯದು. ಬೆಲೆಯ ಮಾತಿತ್ತು, ಲಾಭದ ಮಾತಿತ್ತು, ಬೆವರಿನ ಮಾತು ಮಾತ್ರ ಎಲ್ಲೂ ಇರಲಿಲ್ಲ. ಇಲ್ಲಿ ಏಪ್ರಿಲ್‌ನಲ್ಲಿ ಫ್ಯಾನಿನ ಕೆಳಗೆ ಕೂತರೂ ಕುತ್ತಿಗೆ ಒದ್ದೆ. ಜೂನ್ ಬಂತೆಂದರೆ ಟವೆಲೇ ಒಣಗುವುದಿಲ್ಲ, ಇನ್ನು ವಿಗ್ ಒಣಗುವುದೆಲ್ಲಿ? ಹಾಗಾಗಿ ಕೃತಕ ಎಳೆಯ ಸಿಂಥೆಟಿಕ್ ವಿಗ್, ಅಸಲಿ ಕೂದಲಿನ ವಿಗ್, ನೆತ್ತಿಗೆ ಕ್ಲಿಪ್ಪಿನಲ್ಲಿ ಸಿಕ್ಕಿಸುವ ಟಾಪರ್, ಬೋಳು ಜಾಗಕ್ಕೆ ಅಂಟಿಸುವ ಪ್ಯಾಚ್, ಹೀಗೆ ನಾಲ್ಕು ಬಗೆಯನ್ನೂ ತರಿಸಿ, ಇಲ್ಲಿನ ತಲೆಗಳ ಮೇಲೇ ಹಾಕಿ ನೋಡಿದೆವು.

ಪೂರ್ತಿ ವಿಗ್ ಕೇಳಿಕೊಂಡು ಬರುವವರಲ್ಲಿ ಕ್ಯಾನ್ಸರಿಗೆ ಕೀಮೋ ತೆಗೆದುಕೊಳ್ಳುವ ಹೆಂಗಸರೇ ಜಾಸ್ತಿ. ಚಿಕಿತ್ಸೆಗೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲವೇ ಗೋವಾದ ಬಾಂಬೋಳಿಗೆ ಹೋಗಿ ಬರುವವರು. ಮೊದಲ ಡೋಸ್ ಆಗಿ 2–3 ವಾರಕ್ಕೆ ಕೂದಲು ಕೈಗೆ ಬರತೊಡಗುತ್ತದೆ. ಮನೆಯವರು, 'ದುಡ್ಡಿನ ಮುಖ ನೋಡಬೇಡಿ, ಅಸಲಿ ಕೂದಲಿನದೇ ಕೊಡಿ' ಅನ್ನುತ್ತಾರೆ. ನಾನು ಬೇಡ ಅನ್ನುತ್ತೇನೆ. ವ್ಯಾಪಾರಕ್ಕೆ ಕೂತವಳು ಹೀಗೆ ಹೇಳಬಾರದೇನೋ!

ಯಾಕೆ ಬೇಡ ಅಂದರೆ, ಕೊನೆಯ ಡೋಸ್ ಮುಗಿದು ಕೆಲವು ತಿಂಗಳಿಗೆ ಹೆಚ್ಚಿನವರಿಗೆ ಸ್ವಂತ ಕೂದಲು ಮತ್ತೆ ಬರುತ್ತದೆ. ಅಷ್ಟು ಸಮಯಕ್ಕೆ ಒಳ್ಳೆಯ ಸಿಂಥೆಟಿಕ್ ಸಾಕು. ತೂಕ ಕಡಿಮೆ. ತೊಳೆದು ಸ್ಟ್ಯಾಂಡಿಗೆ ಹಾಕಿದರೆ ಮಳೆಗಾಲದಲ್ಲೂ ಬೆಳಗಾಗುವಷ್ಟರಲ್ಲಿ ಒಣಗಿರುತ್ತದೆ. ತೇವದ ಗಾಳಿಗೆ ಉಬ್ಬುವುದಿಲ್ಲ, ಕೂರಿಸಿದ ಸ್ಟೈಲ್ ಕೂತಲ್ಲೇ ಇರುತ್ತದೆ. ಅಸಲಿ ಕೂದಲಿನ ವಿಗ್ ಇಲ್ಲೇ ಸೋಲುತ್ತದೆ. ಜುಲೈನಲ್ಲಿ ಒಮ್ಮೆ ತೊಳೆದರೆ ಒಳಗಿನ ಟೋಪಿಯ ಬಟ್ಟೆ ಒಣಗಲು ಎರಡು ದಿನ ಬೇಕು, ಅರೆ ಒಣಗಿದ್ದನ್ನು ಡಬ್ಬಿಯಲ್ಲಿಟ್ಟರೆ ಮುಗ್ಗಲು ವಾಸನೆ. ಬೆಲೆಯಲ್ಲೂ ಅಜಗಜಾಂತರ.

ಆದರೆ ಸಿಂಥೆಟಿಕ್‌ಗೆ ಬಿಸಿ ಆಗಿಬರುವುದಿಲ್ಲ. ನಮ್ಮ ಕಡೆ ಈಗಲೂ ಎಷ್ಟೋ ಮನೆಗಳಲ್ಲಿ ಬಚ್ಚಲ ಒಲೆಗೆ ಬೆಂಕಿ ಹಾಕಿಯೇ ನೀರು ಕಾಯಿಸುವುದು. ಹೊನ್ನಾವರ ಕಡೆಯ ಒಬ್ಬರು ಒಲೆಗೆ ಕಟ್ಟಿಗೆ ನೂಕಲು ಬಗ್ಗಿದ್ದಾರೆ, ಅಷ್ಟೇ. ಜ್ವಾಲೆ ತಾಗಿಯೂ ಇಲ್ಲ, ಝಳಕ್ಕೇ ಹಣೆಯ ಮೇಲಿನ ಎಳೆಗಳು ಮುದುರಿ, ತುದಿಯಲ್ಲಿ ಸಾಸಿವೆಯಷ್ಟು ಗಟ್ಟಿ ಗಂಟುಗಳಾಗಿದ್ದವು. ಮುಂದಿನ ಕೂದಲನ್ನು ಗಿಡ್ಡ ಕತ್ತರಿಸಿ ಸರಿಮಾಡಿ ಕೊಟ್ಟೆ. ಈಗ ವಿಗ್ ಕೊಡುವಾಗಲೇ ಒಲೆ, ಕುಕ್ಕರ್ ಹಬೆ, ಎಣ್ಣೆ ಬಾಣಲೆ ಮೂರರ ಹೆಸರು ಹೇಳಿ ಕಳಿಸುತ್ತೇನೆ. ಅಡುಗೆ ಹೊತ್ತಿಗೆ ವಿಗ್ ತೆಗೆದಿಟ್ಟು ಹತ್ತಿಯ ಟೋಪಿ ಹಾಕಿಕೊಂಡರಾಯಿತು. ಇನ್ನೊಂದು ತೊಂದರೆ ಎಂದರೆ ಕುತ್ತಿಗೆಯ ಹಿಂದೆ ಉಜ್ಜಿ ಉಜ್ಜಿ ಸಿಕ್ಕಾಗುವುದು. ಅದಕ್ಕೇ ಭುಜಕ್ಕಿಂತ ಮೇಲೆ ನಿಲ್ಲುವ ಗಿಡ್ಡ ಕಟ್ ಅನ್ನೇ ತೋರಿಸುತ್ತೇನೆ. ಉದ್ದದ್ದು ಕನ್ನಡಿಯಲ್ಲಿ ಚೆಂದ, ತಿಂಗಳು ದಾಟಿದ ಮೇಲೆ ಪೊರಕೆ.

ಕೂದಲು ಉದುರುವ ಮೊದಲೇ ಬಂದರೆ ಕೆಲಸ ಹಗುರ. ತಲೆಯ ಸುತ್ತಳತೆ, ಹಣೆಯಿಂದ ಕುತ್ತಿಗೆಯ ಅಂಚಿನವರೆಗೆ, ಕಿವಿಯಿಂದ ಕಿವಿಗೆ, ಮೂರು ಅಳತೆ ಹಿಡಿದು, ಬಣ್ಣಕ್ಕೆ ಒಂದು ಎಳೆ ಕತ್ತರಿಸಿ ಇಟ್ಟುಕೊಳ್ಳುತ್ತೇನೆ. ಬಣ್ಣದಲ್ಲಿ ನಂಬರ್ 1 ಕಡುಗಪ್ಪು, 1ಬಿ ಸ್ವಲ್ಪ ತಿಳಿ. ನಮ್ಮವರಿಗೆ 1ಬಿ ಒಪ್ಪುತ್ತದೆ, 1 ಹಾಕಿದರೆ ದೂರದಿಂದಲೇ ವಿಗ್ ಅಂತ ಗೊತ್ತಾಗುತ್ತದೆ. ಡಬ್ಬಿಯಿಂದ ತೆಗೆದದ್ದನ್ನು ಹಾಗೇ ಹಾಕಿ ಕಳಿಸುವಂತಿಲ್ಲ, ಅದು ಯಾವಾಗಲೂ ಬೇಕಾದ್ದಕ್ಕಿಂತ ದಟ್ಟ. ಐವತ್ತು ದಾಟಿದವರ ತಲೆಯ ಮೇಲೆ ಹದಿನೆಂಟರ ಹುಡುಗಿಯ ಕೂದಲು ಕೂರಿಸಿದರೆ ಯಾರು ನಂಬುತ್ತಾರೆ? ತಲೆಯ ಮೇಲಿಟ್ಟೇ ಥಿನ್ನಿಂಗ್ ಕತ್ತರಿಯಲ್ಲಿ ತೆಳು ಮಾಡಬೇಕು. ಆನ್‌ಲೈನ್‌ನಲ್ಲಿ ವಿಗ್ ಯಾರು ಬೇಕಾದರೂ ತರಿಸಿಕೊಳ್ಳುತ್ತಾರೆ. ನಮ್ಮ ಹತ್ತಿರ ಬರುವುದು ಈ ಕತ್ತರಿ ಕೆಲಸಕ್ಕೆ.

ಅಸಲಿ ಕೂದಲಿನ ವಿಗ್ ಬೇಡವೇ ಬೇಡ ಎಂದಲ್ಲ. ಅಂಕೋಲೆಯ ಒಬ್ಬ ಅಕ್ಕೋರಿಗೆ ವರ್ಷಗಳಿಂದ ತಲೆಯಲ್ಲಿ ಕೂದಲಿಲ್ಲ. ದಿನಾ ಶಾಲೆಗೆ ಹೋಗಬೇಕು. ಅವರಿಗೆ ಅದೇ ಸರಿ, ಚೆನ್ನಾಗಿ ನೋಡಿಕೊಂಡರೆ ವರ್ಷದ ಮೇಲೂ ಬಾಳುತ್ತದೆ. ಕೊಳ್ಳುವಾಗ ಮಾತ್ರ ಹುಷಾರು. ಕೊಪ್ಪಳದ ಪಕ್ಕದ ಭಾಗ್ಯನಗರ ಕೂದಲು ಹಸನು ಮಾಡುವುದಕ್ಕೇ ಹೆಸರಾದ ಊರು. ತಿರುಪತಿಯ ಮುಡಿ ಕೂದಲನ್ನು ದೇವಸ್ಥಾನದವರೇ ಹರಾಜು ಹಾಕುತ್ತಾರೆ. ವಿಗ್ಗಿನ ಕೂದಲಿನಲ್ಲಿ ಎರಡು ಬಗೆ. ಬುಡದಿಂದ ಒಟ್ಟಿಗೆ ಕತ್ತರಿಸಿ, ಬುಡ-ತುದಿ ಅದಲುಬದಲಾಗದಂತೆ ಜೋಡಿಸಿದ್ದು ರೆಮಿ. ಬಾಚಣಿಗೆಯಲ್ಲಿ ಉದುರಿದ್ದನ್ನು ಆರಿಸಿ ಮಾಡಿದ್ದರಲ್ಲಿ ಎಳೆಗಳು ತಲೆಕೆಳಗಾಗಿರುತ್ತವೆ. ಮೇಲೆ ಸಿಲಿಕಾನ್ ಬಳಿದಿರುವುದರಿಂದ ಅಂಗಡಿಯಲ್ಲಿ ಎರಡೂ ಮಿರಮಿರ ಮಿಂಚುತ್ತವೆ. ನಾಲ್ಕಾರು ಸಲ ತೊಳೆದಾಗ ಲೇಪ ಹೋಗಿ ಎರಡನೆಯದು ಜಟೆಯಾಗುತ್ತದೆ. ಒಂದು ಎಳೆಯನ್ನು ಎರಡು ಬೆರಳ ನಡುವೆ ಬುಡದಿಂದ ತುದಿಗೆ, ತುದಿಯಿಂದ ಬುಡಕ್ಕೆ ಎಳೆದು ನೋಡಿ. ರೆಮಿಯಾದರೆ ಎಲ್ಲ ಎಳೆಗಳೂ ಒಂದೇ ದಿಕ್ಕಿಗೆ ನುಣುಪು, ಉಲ್ಟಾ ಎಳೆದಾಗ ತರಿ. ಬೆರಕೆಯಾದರೆ ಒಂದೊಂದು ಎಳೆ ಒಂದೊಂದು ಕಡೆಗೆ. ಆದರೆ ಲೇಪ ಇರುವಾಗ ಇದು ಗೊತ್ತಾಗುವುದಿಲ್ಲ, ಸ್ಯಾಂಪಲ್ ತರಿಸಿ ತೊಳೆದ ಮೇಲೆಯೇ ನೋಡಬೇಕು.

ಇನ್ನು ಟಾಪರ್. ನಮ್ಮಲ್ಲಿ ಗೆದ್ದದ್ದು ಇದೇ. ನಡುನೆತ್ತಿ ತೆಳುವಾದ, ಬೈತಲೆ ಅಗಲವಾದ ಹೆಂಗಸರು ಊರು ತುಂಬ ಇದ್ದಾರೆ, ವಿಗ್ ಎಂದರೆ ಮಾತ್ರ ಬೆಚ್ಚುತ್ತಾರೆ. ಅಂಗೈಯಗಲದ ತುಂಡನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿ ತೋರಿಸಿದರೆ, 'ಅಯ್ಯೋ, ಇಷ್ಟೇನಾ' ಎಂದು ಕೂತಲ್ಲೇ ಒಪ್ಪುತ್ತಾರೆ. ಚಿಕ್ಕದಾದ್ದರಿಂದ ಅಸಲಿ ಕೂದಲಿನದನ್ನೇ ತೆಗೆದುಕೊಂಡರೂ ಕೈ ಸುಡುವುದಿಲ್ಲ, ರಾತ್ರಿ ಬಿಚ್ಚಿಡಬಹುದು, ಮಳೆಗಾಲದಲ್ಲಿ ಬೇಗ ಒಣಗುತ್ತದೆ. ಕ್ಲಿಪ್ ಹಿಡಿಯಲು ಸುತ್ತ ಸ್ವಂತ ಕೂದಲು ಇರಬೇಕು. ದಿನಾ ಒಂದೇ ಜಾಗಕ್ಕೆ ಸಿಕ್ಕಿಸಿದರೆ ಅಲ್ಲಿಯ ಕೂದಲೂ ಕಿತ್ತು ಬರುತ್ತದೆ, ಆಗಾಗ ಜಾಗ ಬದಲಿಸಬೇಕು.

ಇಲ್ಲಿ ನಮ್ಮೂರಿನದೇ ಮೂರು ತಕರಾರುಗಳಿವೆ. ಒಂದು ಕುಂಕುಮ. ಬೈತಲೆಗೆ ಇಡುವ ಕುಂಕುಮ ಟಾಪರಿನ ರೇಷ್ಮೆ ತಳಕ್ಕೆ ಹತ್ತಿದರೆ ತೊಳೆದರೂ ಹೋಗುವುದಿಲ್ಲ. ಟಾಪರನ್ನು ಹಣೆಯ ಅಂಚಿನಿಂದ ಅರ್ಧ ಇಂಚು ಹಿಂದಕ್ಕೆ ಕೂರಿಸಿ, ಮುಂದೆ ಉಳಿದ ಸ್ವಂತ ಬೈತಲೆಯಲ್ಲಿ ಕುಂಕುಮ ಇಡಿಸುತ್ತೇನೆ. ಎರಡು, ಅಬ್ಬಲಿಗೆ ದಂಡೆ. ಭಾರಕ್ಕೆ ಟಾಪರ್ ಹಿಂದಕ್ಕೆ ಜಗ್ಗುತ್ತದೆ, ದಂಡೆಯ ಪಿನ್ನು ಸ್ವಂತ ತುರುಬಿಗೇ ಬೀಳಬೇಕು. ಮೂರು, ತೆಂಗಿನೆಣ್ಣೆ. ಎಣ್ಣೆ ತಾಗಿದರೆ ತಳಕ್ಕೆ ಕೂದಲು ಕಟ್ಟಿದ ಗಂಟುಗಳು ಸಡಿಲಾಗಿ ಕೂದಲು ಉದುರುತ್ತದೆ. ಎಣ್ಣೆ ಬಿಡಿ ಎಂದರೆ ನಮ್ಮವರು ಕೇಳ್ತಾರಾ? ರಾತ್ರಿ ಹಚ್ಚಿ ಬೆಳಿಗ್ಗೆ ತೊಳೆಯಿರಿ, ಆಮೇಲೆ ಟಾಪರ್ ಎಂದು ರಾಜಿಯಾಗಿದ್ದೇವೆ.

ಪ್ಯಾಚ್ ನನ್ನ ತಮ್ಮನ ಕಡೆಯದು. ಬೋಳಾದ ಜಾಗ ಕ್ಷೌರ ಮಾಡಿ ಟೇಪಿನಲ್ಲೋ ಅಂಟಿನಲ್ಲೋ ಕೂರಿಸುವುದು, 3–4 ವಾರಕ್ಕೊಮ್ಮೆ ಬಿಚ್ಚಿ, ತೊಳೆದು, ಮತ್ತೆ ಹಾಕುವುದು. ತಿಂಗಳು ತಿಂಗಳು ಗಿರಾಕಿ ಗ್ಯಾರಂಟಿ ಎಂದು ಅವನಿಗೆ ಇದರ ಮೇಲೇ ಕಣ್ಣು. ಆದರೆ ಮೀನು ಮಾರ್ಕೆಟ್ಟಿನವರು, ಬಿಸಿಲಲ್ಲಿ ಬೈಕ್ ಓಡಿಸುವವರು ಬೇಸಿಗೆಯಲ್ಲಿ ಎರಡನೇ ವಾರಕ್ಕೇ ಅಂಚು ಎದ್ದಿದೆ ಎಂದು ಬಂದರು. ಟೇಪಿನ ಅಂಟು ಬೆವರಿಗೆ ಕರಗಿ ಹೆಲ್ಮೆಟ್ಟಿಗೆ ಮೆತ್ತುತ್ತದೆ. ಎಸಿ ಕೋಣೆಯಲ್ಲಿ ಕೆಲಸ ಮಾಡುವವರಿಗೆ ಅಡ್ಡಿಲ್ಲ. ಮೊದಲು ಕಿವಿಯ ಹಿಂದೆ ಚೂರು ಅಂಟು ಹಚ್ಚಿ ಒಂದು ದಿನ ಕಾಯದೆ ಪೂರ್ತಿ ಅಂಟಿಸುವುದು ಬೇಡ, ಕೆಲವರಿಗೆ ಕೆಂಪಗೆ ದದ್ದು ಬರುತ್ತದೆ. ನನ್ನ ಲೆಕ್ಕದಲ್ಲಿ ಇದು ಕೊನೆಯ ಸ್ಥಾನ, ತಮ್ಮ ಇನ್ನೂ ಒಪ್ಪಿಲ್ಲ.

ಹೊಸದಾಗಿ ಶುರು ಮಾಡುವವರಿಗೆ ನಾನು ಹೇಳುವುದು ಇಷ್ಟು. 1ಬಿ ಬಣ್ಣದ ಟಾಪರುಗಳನ್ನು ಅಳತೆಗೊಂದರಂತೆ ಸ್ಟಾಕ್ ಇಡಿ. ಗಿಡ್ಡ ಸಿಂಥೆಟಿಕ್ ಒಂದೆರಡು ಸಾಕು. ಅಸಲಿ ಕೂದಲಿನ ಪೂರ್ತಿ ವಿಗ್ಗಿಗೆ ಅರ್ಧ ಮುಂಗಡ ಕೈಗೆ ಬರದೆ ಆರ್ಡರ್ ಹಾಕಬೇಡಿ. ಹಾಕಿ ನೋಡುವಾಗ ಒಳಗೆ ಹತ್ತಿಯ ಟೋಪಿ ಕಡ್ಡಾಯ, ಮನೆಗೆ ಹೋದ ಮಾಲು ವಾಪಸಿಲ್ಲ ಎಂದು ಬಿಲ್ಲಿನಲ್ಲೇ ಬರೆದುಬಿಡಿ. ಕುರ್ಚಿಗೊಂದು ಪರದೆ ಬೇಕೇ ಬೇಕು, ಪೇಟೆ ಸಣ್ಣದು, ಬಾಗಿಲು ತೆರೆದರೆ ಯಾರಾದರೂ ಪರಿಚಯದವರೇ ಇರುತ್ತಾರೆ.