‘ಎಲ್ಲಾ ಲಾಂಗ್‌ಬೋಗೂ ಹೊಂದುತ್ತೆ’ ಅನ್ನುವ ಬಾಣ ಕೊಳ್ಳಬೇಡಿ

ಇಂಗ್ಲೆಂಡಿನಲ್ಲಿದ್ದು, ಹೊಸದಾಗಿ ಲಾಂಗ್‌ಬೋ (ಹಳೇ ಕಾಲದ ಉದ್ದನೆಯ ಮರದ ಬಿಲ್ಲು) ಕಲಿಯಲು ಹೊರಟಿರುವ ನಮ್ಮವರಿಗೆ ಇದನ್ನು ಬರೆಯುತ್ತಿದ್ದೇನೆ. ನೀವು ಹೆದೆಯನ್ನು ಎಷ್ಟು ಇಂಚು ಎಳೆಯುತ್ತೀರಿ ಅಂತ ಕೇಳದೆ ಬಾಣ ಮಾರುವವರ ಹತ್ತಿರ ಬಾಣ ಕೊಳ್ಳಬೇಡಿ. ಎಷ್ಟೇ ಅಗ್ಗವಾಗಿದ್ದರೂ ಬೇಡ.

ನಾನು ಕೊಂಡಿದ್ದು ಒಂದು ಆನ್‌ಲೈನ್ ಅಂಗಡಿಯಿಂದ. 30ರಿಂದ 50 ಪೌಂಡಿನ (ಇದು ಬೆಲೆಯಲ್ಲ, ಹೆದೆ ಎಳೆಯಲು ಬೇಕಾದ ಬಲ) ಯಾವ ಲಾಂಗ್‌ಬೋಗಾದರೂ ಆಗುತ್ತೆ, ಒಂದಕ್ಕೊಂದು ಸರಿಯಾಗಿ ಹೊಂದಿಸಿದ ಸೆಟ್ ಅಂತ ಬರೆದಿದ್ದರು. ಆದರೂ ಫೋನ್ ಮಾಡಿ ವಿಚಾರಿಸಿದೆ. ಬಿಲ್ಲಿನ ಮೇಲೆ 28 ಇಂಚಿಗೆ 40 ಪೌಂಡ್ ಅಂತ ಇದೆ, ಆದರೆ ನಾನು ಎಳೆಯುವುದು 26 ಇಂಚು ಮಾತ್ರ, ಇದೇ ಬಾಣ ಆಗುತ್ತಾ ಅಂದೆ. ಅದರಿಂದ ಏನೂ ವ್ಯತ್ಯಾಸ ಆಗಲ್ಲ, ಧೈರ್ಯವಾಗಿ ತಗೊಳ್ಳಿ ಅಂದರು.

ವ್ಯತ್ಯಾಸ ಖಂಡಿತ ಆಗುತ್ತೆ. ಇಂಥ ಬಿಲ್ಲಿನಲ್ಲಿ ಒಂದು ಇಂಚು ಕಡಿಮೆ ಎಳೆದರೆ ಸುಮಾರು ಎರಡರಿಂದ ಮೂರು ಪೌಂಡ್ ಶಕ್ತಿ ಇಳಿಯುತ್ತದೆ. ಅಂದರೆ ನನ್ನ ಕೈಯಲ್ಲಿ ಅದು 40 ಪೌಂಡಿನ ಬಿಲ್ಲಲ್ಲ, ಸುಮಾರು 35ರದ್ದು. ಬಾಣ ಆರಿಸಬೇಕಾದದ್ದು ಆ 35ಕ್ಕೆ.

ಲಾಂಗ್‌ಬೋನಲ್ಲಿ ಇದು ಇನ್ನೂ ಮುಖ್ಯ. ಈಗಿನ ಬಹಳಷ್ಟು ಬಿಲ್ಲುಗಳಲ್ಲಿ ಬಾಣ ನಡುಮಧ್ಯದಿಂದ ಹೋಗುವ ಹಾಗೆ ಹಿಡಿಯ ಮೇಲೆ ಕತ್ತರಿಸಿರುತ್ತಾರೆ. ಇಂಗ್ಲಿಷ್ ಲಾಂಗ್‌ಬೋನಲ್ಲಿ ಹಾಗೆ ಕತ್ತರಿಸಿರುವುದಿಲ್ಲ. ಬಾಣ ಮರದ ಪಕ್ಕಕ್ಕೆ ಒರಗಿ ಓರೆಯಾಗಿ ನಿಂತಿರುತ್ತದೆ. ಹೆದೆ ಬಿಟ್ಟಾಗ ಅದು ಮೀನಿನ ಹಾಗೆ ಬಳುಕಿ, ಬಿಲ್ಲನ್ನು ಸುತ್ತಿಕೊಂಡು ಮುಂದೆ ಹೋಗಬೇಕು. ಎಷ್ಟು ಬಳುಕುತ್ತದೆ ಅನ್ನುವ ಅಳತೆಯೇ ಸ್ಪೈನ್. ಗಡಸು ಜಾಸ್ತಿಯಾದರೆ ಬಾಣ ಬಳುಕದೆ ಬಿಲ್ಲಿಗೆ ಬಡಿದು ಪಕ್ಕಕ್ಕೆ ಹಾರುತ್ತದೆ. ಬಲಗೈಯಲ್ಲಿ ಹೆದೆ ಎಳೆಯುವವರಿಗೆ ಎಡಕ್ಕೆ.

ನನಗೆ ಆದದ್ದೂ ಅದೇ. ಬಾಣಗಳು ಎಡಕ್ಕೇ ಹೋಗುತ್ತಿದ್ದವು. ಕೆಲವು ಸ್ವಲ್ಪ ಎಡಕ್ಕೆ, ಕೆಲವು ಗುರಿಯ ಹಲಗೆಯನ್ನೇ ತಪ್ಪಿಸಿಕೊಂಡು ಹುಲ್ಲಿನೊಳಗೆ. ಒಂದು ಚಳಿಗಾಲ ಪೂರ್ತಿ ಮೊಣಕೈ, ಭುಜ, ಬೆರಳು ಅಂತ ಒಂದೊಂದನ್ನೇ ತಿದ್ದಿಕೊಳ್ಳುವುದರಲ್ಲಿ ಕಳೆಯಿತು. ಎಡಕ್ಕೆ ಹೋಗುವ ಬಾಣವನ್ನು ನಡುವಿಗೆ ತರಲು ಕೈ ತಿರುಗಿಸುವ ಕೆಟ್ಟ ಅಭ್ಯಾಸ ಬೇರೆ ಅಂಟಿಕೊಂಡಿತು. ಅದನ್ನು ಬಿಡಿಸಿಕೊಳ್ಳಲು ಈಗಲೂ ಒದ್ದಾಡುತ್ತಿದ್ದೇನೆ. ಹೋದ ದುಡ್ಡಿಗಿಂತ ಇದೇ ನನಗೆ ಹೆಚ್ಚು ಸಂಕಟ.

ಕೊನೆಗೆ ಕ್ಲಬ್ಬಿನ ಹಿರಿಯರೊಬ್ಬರು ಬಾಣಗಳನ್ನು ಅಳೆದು ನೋಡಿದರು. 26 ಇಂಚು ದೂರದ ಎರಡು ಆಧಾರಗಳ ಮೇಲೆ ಬಾಣ ಇಟ್ಟು, ನಡುವೆ ಎರಡು ಪೌಂಡ್ ತೂಕ ತೂಗುಹಾಕಿ, ಎಷ್ಟು ಬಾಗುತ್ತದೆ ಅಂತ ನೋಡುತ್ತಾರೆ. 26ನ್ನು ಬಾಗಿದ ಇಂಚಿನಿಂದ ಭಾಗಿಸಿದರೆ ಮರದ ಬಾಣದ ಸ್ಪೈನ್ ಪೌಂಡಿನಲ್ಲಿ ಸಿಗುತ್ತದೆ. ಸಂಖ್ಯೆ ದೊಡ್ಡದಾದಷ್ಟೂ ಬಾಣ ಗಡಸು. ‘ಹೊಂದಿಸಿದ ಸೆಟ್’ನಲ್ಲಿ ಕೆಲವು 45ರ ಹತ್ತಿರ, ಕೆಲವು 60ರ ಹತ್ತಿರ ಇದ್ದವು! ಒಂದು ಬಾಣದಲ್ಲಂತೂ ಮರದ ಎಳೆ ಉದ್ದಕ್ಕೂ ಹೋಗದೆ ಪಕ್ಕಕ್ಕೆ ಹೊರಬಿದ್ದಿತ್ತು. ಅವರು ಮೆಲ್ಲಗೆ ಬಗ್ಗಿಸಿದ್ದೇ ತಡ, ಚಟ್ ಅಂತ ಸೀಳಿತು. ಹೆದೆ ಬಿಡುವಾಗ ಸೀಳಿದ್ದರೆ ಆ ಚೂಪು ತುಂಡು ಬಿಲ್ಲು ಹಿಡಿದ ಕೈಗೆ ನುಗ್ಗುತ್ತಿತ್ತು. ಅಂಗಡಿಯವರು ಒಮ್ಮೆ ಬಿಟ್ಟ ಬಾಣ ವಾಪಸ್ ತಗೊಳ್ಳಲ್ಲ ಅಂತ ಕೈತೊಳೆದುಕೊಂಡರು.

ಈಗ ನೀವು ಮಾಡಬೇಕಾದದ್ದು. ಮೊದಲ ಕೆಲವು ತಿಂಗಳು ಕ್ಲಬ್ಬಿನ ಬಾಣವೇ ಸಾಕು. ಹೊಸಬರ ಎಳೆತ ದಿನ ಕಳೆದಂತೆ ಬದಲಾಗುತ್ತದೆ, ಅದು ಒಂದು ಕಡೆ ನಿಲ್ಲಲಿ. ಆಮೇಲೆ ಇಂಚಿನ ಗುರುತು ಹಾಕಿದ ಉದ್ದನೆಯ ಬಾಣವೊಂದನ್ನು ಎಳೆದು, ನಿಮ್ಮ ಎಳೆತ ಎಷ್ಟು ಅಂತ ಬೇರೆಯವರಿಂದ ಅಳೆಸಿಕೊಳ್ಳಿ. ಕೊಳ್ಳುವ ಬಾಣ ಆ ಎಳೆತಕ್ಕಿಂತ ಒಂದೆರಡು ಇಂಚು ಉದ್ದ ಇರಲೇಬೇಕು. ಗಿಡ್ಡ ಬಾಣದ ಮೊನೆ ಕೈಯ ಹಿಂದಕ್ಕೆ ಬಂದು ಜಾರಿದರೆ ಅನಾಹುತವಾಗುತ್ತದೆ. ಬಾಣದ ತೂಕ, ಎಳೆತದ ಪ್ರತಿ ಪೌಂಡಿಗೆ 8ರಿಂದ 10 ಗ್ರೇನ್ (ಬಾಣ ತೂಗುವ ಚಿಕ್ಕ ಅಳತೆ) ಇರಲಿ. 35 ಪೌಂಡಿಗೆ 280ರಿಂದ 350 ಗ್ರೇನ್, ಅಂದರೆ ಸುಮಾರು 18ರಿಂದ 23 ಗ್ರಾಂ. ತೀರಾ ಹಗುರವಾದರೆ ಬಾಣಕ್ಕೆ ಹೋಗಬೇಕಾದ ಶಕ್ತಿ ಬಿಲ್ಲಿನಲ್ಲೇ ಉಳಿದು ಅದನ್ನೇ ಹಾಳುಮಾಡುತ್ತದೆ.

ಕಾರ್ಬನ್ ಬಾಣದ ಲೆಕ್ಕ ತಲೆಕೆಳಗು. ಅಲ್ಲಿ ಸ್ಪೈನ್ ಸಂಖ್ಯೆ ದೊಡ್ಡದಾದಷ್ಟೂ ಬಾಣ ಮೆತ್ತಗೆ, 600 ಅಂದರೆ 500ಕ್ಕಿಂತ ಮೆತ್ತಗೆ. ಮರದ ಬಾಣದ ಸ್ಪೈನ್ ಪಟ್ಟಿ ನೋಡಿ ಕಾರ್ಬನ್ ಆರಿಸಲು ಹೋಗಬೇಡಿ. ಅದೂ ಅಲ್ಲದೆ ಆರ್ಚರಿ ಜಿಬಿ (ಇಲ್ಲಿನ ಬಿಲ್ಲುಗಾರಿಕೆ ಸಂಸ್ಥೆ) ನಿಯಮದ ಲಾಂಗ್‌ಬೋ ಸ್ಪರ್ಧೆಗೆ ಮರದ ಬಾಣ, ನಿಜವಾದ ಗರಿ ಬೇಕೇ ಬೇಕು. ಕೈಮೇಲಿಂದ ಹಾರುವ ಬಾಣಕ್ಕೆ ಪ್ಲಾಸ್ಟಿಕ್ ಗರಿ ಒಗ್ಗುವುದೂ ಇಲ್ಲ, ಬೆರಳನ್ನು ತರಚುತ್ತದೆ.

ಡಜನ್‌ಗಟ್ಟಲೆ ಕೊಳ್ಳುವ ಮೊದಲು 30–35, 35–40 ಹೀಗೆ ಬೇರೆ ಬೇರೆ ಸ್ಪೈನಿನ ಒಂದೆರಡು ಬಾಣ ತರಿಸಿ ಬಿಟ್ಟು ನೋಡಿ. ಒಳ್ಳೆಯ ಬಾಣಗಾರರು ಹಾಗೆ ಕೊಡುತ್ತಾರೆ. ಪೂರ್ತಿ ಸೆಟ್ ಮನೆಗೆ ಬಂದ ದಿನವೇ ತೂಗಿ, ಒಂದೊಂದನ್ನೂ ಬಗ್ಗಿಸಿ, ಎಳೆ ನೋಡಿ, ಆಮೇಲೆ ಬಿಡಿ. ಹೇಳಿದಂತೆ ಇಲ್ಲದ ಸಾಮಾನನ್ನು 30 ದಿನದೊಳಗೆ ಹಿಂತಿರುಗಿಸಿ ಪೂರ್ತಿ ಹಣ ಕೇಳುವ ಹಕ್ಕು ಇಲ್ಲಿನ 2015ರ ಗ್ರಾಹಕ ಕಾನೂನಿನಲ್ಲಿದೆ. ಅಂಗಡಿಯವರು ಇಲ್ಲ ಅಂದರೂ ಬಿಡಬೇಡಿ, ಬರೆದು ಕೇಳಿ.