ಏರು ಹತ್ತೋಕೆ ಅಂತ ಮೋಟರ್ ಬದಲಾಯಿಸಿದೆ, ಖುಷಿ ಸಿಕ್ಕಿದ್ದು ಇಳಿಯೋದ್ರಲ್ಲಿ: ಅಡಿಕೆ ತೋಟದ ಬ್ಯಾಟರಿ ಗಾಡಿ, ಎರಡು ಮಳೆಗಾಲದ ನಂತರ

ನಮ್ದು ಶಿವಮೊಗ್ಗ ಜಿಲ್ಲೆ ಸಾಗರದ ಕಡೆ, ಮನೆ ಗುಡ್ಡದ ಮೇಲೆ ತೋಟ ಕೆಳಗೆ ಹಳ್ಳದ ಪಕ್ಕ, ಮಲ್ನಾಡಲ್ಲಿ ಮುಕ್ಕಾಲು ಜನರ ಕಥೆ ಇದೇ. ತೋಟದಿಂದ ಅಂಗಳಕ್ಕೆ ಸುಮಾರು 180 ಮೀಟರ್ ದಾರಿ, ಅದ್ರಲ್ಲಿ ಕಡೇ 40 ಮೀಟರ್ ಮಾತ್ರ ಭಯಂಕರ ಏರು, ನಾಲ್ಕಡಿ ಮುಂದೆ ಹೋದ್ರೆ ಒಂದಡಿ ಮೇಲೆ. ಅಡಿಕೆ ಕೊನೆ (ಗೊಂಚಲು) ಹೊರೋಕೆ ಜನ ಸಿಗಲ್ಲ, ಸಿಕ್ಕವರಿಗೂ ವಯಸ್ಸಾಗಿದೆ, ಮಿನಿ ಟ್ರ್ಯಾಕ್ಟರ್ ತಗೊಂಡ್ರೆ ನಮ್ಮ ಸಂಕ (ಕಾಲುಸೇತುವೆ) ದಾಟಿ ಕಾದಿಗೆ (ತೋಟದ ನೀರು ಹೋಗೋ ಕಾಲುವೆ) ಪಕ್ಕ ತಿರುಗಿಸೋಕೆ ಜಾಗ ಇಲ್ಲ, ಹಂಗಾಗಿ ಮೂರು ವರ್ಷದ ಕೆಳಗೆ, ಹಿಂದಿನಿಂದ ನಡ್ಕೊಂಡು ಓಡಿಸೋ ಬ್ಯಾಟರಿ ಗಾಡಿ ತಗೊಂಡಿದ್ದು. 48 ವೋಲ್ಟ್, ಎರಡು ಗಾಲಿಗೂ ಒಂದೊಂದು ಹಬ್ ಮೋಟರ್, ಅಂದ್ರೆ ಗಾಲಿಯ ಒಳಗೇ ಕೂರೋ ಮೋಟರ್.

ಸಪಾಟು ಜಾಗದಲ್ಲಿ ಚಿನ್ನದಂಥ ಗಾಡಿ. ಏರಲ್ಲಿ ಮೂರನೇ ಟ್ರಿಪ್ಪಿಗೇ ಗಾಲಿ ಮುಟ್ಟೋಕಾಗ್ತಿರ್ಲಿಲ್ಲ. ಕಾರಣ ಆಮೇಲೆ ಅರ್ಥ ಆಯ್ತು. ನಮ್ಮ ಗಾಡಿಯ ಹಬ್ ಮೋಟರಿಗೆ ಗೇರ್ ಇಲ್ಲ, ಗಾಲಿ ಎಷ್ಟು ಸ್ಪೀಡೋ ಮೋಟರೂ ಅಷ್ಟೇ ಸ್ಪೀಡು, ನಡಿಗೆ ವೇಗದಲ್ಲಿ ಭಾರ ಎಳೀಬೇಕು ಅಂದ್ರೆ ಅದು ಹೆಚ್ಚು ಕರೆಂಟ್ ತಿನ್ನುತ್ತೆ, ಕರೆಂಟ್ ಎರಡು ಪಟ್ಟಾದ್ರೆ ಒಳಗಿನ ಬಿಸಿ ನಾಲ್ಕು ಪಟ್ಟು. ಒಂದಿನ ಕೊಯ್ಲಿನ ಮಧ್ಯ ವಾರ್ನಿಶ್ ಸುಟ್ಟ ವಾಸನೆ ಬಂತು, ಗಾಡಿ ಏರಿನ ಅರ್ಧದಲ್ಲಿ ಗಕ್ಕಂತ ನಿಂತ್ಕೊಂಡ್ತು. 150 ಕೆಜಿ ಹಸಿ ಅಡಿಕೆ, ಹಿಂದೆ ನಾನು. ಕೊನೆ ಕೊಯ್ಯೋ ಕೊನೆಗೌಡ ಓಡಿ ಬಂದು ಗಾಲಿಗೆ ಕಲ್ಲು ಕೊಡದೇ ಇದ್ದಿದ್ರೆ ಏನಾಗ್ತಿತ್ತೋ. ಬಿಚ್ಚಿ ನೋಡಿದ್ರೆ ಮೋಟರ್ ತಿರುಗೋದನ್ನ ಗುರುತಿಸೋ ಹಾಲ್ ಸೆನ್ಸರ್ ಹೋಗಿತ್ತು. ಗಾಡಿ ಮಾಡಿದೋರಿಗೆ ಫೋನ್ ಮಾಡಿದ್ರೆ "ಲೋಡ್ ಕಮ್ಮಿ ಹಾಕಿ ಸಾರ್" ಅಂದ್ರು. ಮಲ್ನಾಡಿಗೆ ಅಂತಲೇ ಮಾರಿದ ಗಾಡಿ ಅದು, ಈಗ್ಲೂ ಆ ಮಾತು ನೆನಪಾದ್ರೆ ಸಿಟ್ಟು ಬರುತ್ತೆ.

ಅದಕ್ಕೇ ಗಾಲಿ ಮೋಟರ್ ಎರಡನ್ನೂ ತೆಗೆದು ಹಾಕಿ ಗೇರ್ ಬಾಕ್ಸ್ ಇರೋ ಮೋಟರ್ ಹಾಕಿಸ್ದೆ. ಒಂದೊಂದು 500 ವ್ಯಾಟ್, 50ಕ್ಕೆ 1 ಗೇರು, ಅಂದ್ರೆ ಮೋಟರ್ 50 ಸುತ್ತು ಸುತ್ತಿದ್ರೆ ಗಾಲಿ ಒಂದು ಸುತ್ತು. ಗಾಲಿ ಆಟೋದ್ದೇ ಅಳತೆ, 4.00-8, ಆದ್ರೆ ಟಿಲ್ಲರ್ ಥರ ಕಚ್ಚು ಕಚ್ಚು ಇರೋ ಟಯರ್ ಹಾಕ್ಸಿದೀನಿ, ಯಾಕಂದ್ರೆ ಮೋಟರಿಗೆ ಶಕ್ತಿ ಬಂದ್ಮೇಲೆ ಮಳೆಗಾಲದಲ್ಲಿ ಹಾವಸೆ (ಪಾಚಿ) ಕಟ್ಟಿದ ಜಂಬಿಟ್ಟಿಗೆ ಕಲ್ಲಿನ ಮೇಲೆ ಹಳೇ ಟಯರ್ ಬರೀ ಅಲ್ಲೇ ತಿರುಗ್ತಿತ್ತು. ಮೋಟರ್ ಜೋಡಿ 38 ಸಾವಿರ, ಮೋಟರಿಗೆ ಕರೆಂಟ್ ಹಿಡಿದು ಬಿಡೋ ಕಂಟ್ರೋಲರ್ 9 ಸಾವಿರ, ಲೇತ್‌ನೋರು ಬ್ರಾಕೆಟ್ ಮಾಡಿದ್ದಕ್ಕೆ ಆರೂವರೆ. ಹೆಚ್ಚೂಕಮ್ಮಿ ಗಾಡಿಯ ಅರ್ಧ ರೇಟು. ನಮ್ಮದು ಎರಡೂವರೆ ಎಕರೆ, ಅಷ್ಟು ದುಡ್ಡು ಸುರಿಯೋ ಮುಂಚೆ ಒಂದು ತಿಂಗಳು ನಿದ್ದೆ ಬಂದಿಲ್ಲ.

ಹತ್ತೋದ್ರ ಬಗ್ಗೆ ಜಾಸ್ತಿ ಹೇಳೋದಿಲ್ಲ. ಹತ್ತುತ್ತೆ. ಕೊಯ್ಲಿನ ದಿನ 18-20 ಟ್ರಿಪ್ ಹೊಡೆದ್ರೂ ಬ್ಯಾಟರಿ ಅರ್ಧ ಉಳಿದಿರುತ್ತೆ, ಮೊದಲು ಹತ್ತಕ್ಕೇ ಖಾಲಿ ಆಗ್ತಿತ್ತು.

ಹೇಳ್ಬೇಕಾಗಿರೋದು ಇಳಿಯೋದ್ರ ಬಗ್ಗೆ. ಕೊಯ್ಲು ಮುಗಿದ್ಮೇಲೆ ನಮ್ಮ ಕೆಲ್ಸ ಉಲ್ಟಾ ಅಲ್ವಾ, ಕೊಟ್ಟಿಗೆ ಗೊಬ್ಬರ, ಬೆಟ್ಟದ ಸೊಪ್ಪು, ದರಕು (ಒಣಗಿದ ಎಲೆ) ಎಲ್ಲಾ ಮೇಲಿಂದ ಕೆಳಗೆ ಹೋಗ್ಬೇಕು. ಹಳೇ ಮೋಟರಲ್ಲಿ ಗಾಡಿ ನನ್ನನ್ನ ಎಳ್ಕೊಂಡು ಹೋಗ್ತಿತ್ತು, ಹಿಮ್ಮಡಿ ಊರಿ ಊರಿ ಮಂಡಿ ಚಿಪ್ಪು ಸವೆದು ಹೋಗಿತ್ತು, ಅಪ್ಪಯ್ಯಂಗೆ ಹ್ಯಾಂಡಲ್ ಮುಟ್ಟೋಕೇ ಬಿಡ್ತಿರ್ಲಿಲ್ಲ. ಗೇರ್ ಮೋಟರ್ ಹಾಕಿ ಮೊದಲ ಸಲ ಗೊಬ್ಬರ ತುಂಬ್ಕೊಂಡು ಆ ಇಳಿಜಾರಿಗೆ ಬಂದೆ, ಹೆದ್ರಿಕೆಗೆ ಆಕ್ಸಿಲರೇಟರ್ ಬಿಟ್ಟೆ, ಗಾಡಿ ಉಸಿರು ಬಿಟ್ಟಂಗೆ ಸುಯ್ ಅಂತ ಸದ್ದು ಮಾಡಿ ನಿಧಾನ ಆಗಿ ನಿಂತೇ ಬಿಡ್ತು. ಮೋಟರೇ ಹಿಂದಕ್ಕೆ ತಡೀತಾ ಇತ್ತು, ಕೈಗೆ ಏನೂ ಭಾರ ಇಲ್ಲ. ಅಪ್ಪಯ್ಯ ದಾರಿ ಪಕ್ಕದ ಮಣ್ಣಿನ ದರೆ ಮೇಲೆ ನಿಂತು ನೋಡ್ತಿದ್ರು. "ತಮಾ, ಎತ್ತು ಜಗ್ಗಿ ನಿಂತಂಗೆ ನಿಲ್ತಲೋ ಇದು" ಅಂದ್ರು. ಮಾರನೇ ದಿನದಿಂದ ಅವರೇ ಓಡಿಸ್ತಾರೆ, 71 ವರ್ಷ. ನನಗೆ 38 ಸಾವಿರ ಅವತ್ತೇ ವಾಪಸ್ ಬಂತು ಅನ್ನಿಸ್ತು.

ಆದ್ರೆ ಎರಡು ತಿಂಗಳಾದ್ಮೇಲೆ ಆದದ್ದನ್ನ ಹೇಳ್ದೆ ಇದ್ರೆ ಈ ವಿಮರ್ಶೆಗೆ ಅರ್ಥ ಇಲ್ಲ. ಒಂದು ಬೆಳಿಗ್ಗೆ ರಾತ್ರಿಯಿಡೀ ಚಾರ್ಜ್ ಆಗಿದ್ದ ಗಾಡಿಗೆ ಗೊಬ್ಬರ ತುಂಬಿ ಇಳಿಸ್ತಿದ್ದೆ, ಅದೇ 40 ಮೀಟರ್ ಜಾಗ, ಇದ್ದಕ್ಕಿದ್ದಂಗೆ ತಡೆ ಬಿಟ್ಟು ಹೋಯ್ತು. ಡಿಸ್‌ಪ್ಲೇ ಆಫ್. ಗಾಡಿ ಓಡೋಕೆ ಶುರು. ನನಗೆ ಹೊಳೆದಿದ್ದು ಒಂದೇ, ಹ್ಯಾಂಡಲ್ ಎಡಕ್ಕೆ ಎಳೆದು ದರೆಗೆ ಗುದ್ದಿಸ್ದೆ. ಗೊಬ್ಬರ ಎಲ್ಲಾ ದಾರಿ ತುಂಬ, ಮೊಣಕೈ ಕಿತ್ತೋಯ್ತು, ಪುಣ್ಯಕ್ಕೆ ಅವತ್ತು ಹ್ಯಾಂಡಲ್ ಹಿಡಿದಿದ್ದು ಅಪ್ಪಯ್ಯ ಅಲ್ಲ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಕೈ ನಡುಗುತ್ತೆ.

ಆಗಿದ್ದೇನಂದ್ರೆ, ಇಳಿಯುವಾಗ ಮೋಟರ್ ಡೈನಮೋ ಆಗಿ ಕರೆಂಟನ್ನ ವಾಪಸ್ ಬ್ಯಾಟರಿಗೆ ತಳ್ಳುತ್ತೆ, ಆ ತಳ್ಳೋದೇ ಬ್ರೇಕು. ಬ್ಯಾಟರಿ ಪೂರ್ತಿ ತುಂಬಿದ್ರೆ ಆ ಕರೆಂಟಿಗೆ ಹೋಗೋಕೆ ಜಾಗ ಇಲ್ಲ, ವೋಲ್ಟೇಜ್ ಏರುತ್ತೆ, ಲಿಥಿಯಂ ಬ್ಯಾಟರಿ ಒಳಗಿನ ಬಿಎಂಎಸ್ (ಬ್ಯಾಟರಿ ಕಾಯೋ ಸರ್ಕ್ಯೂಟ್) ಬ್ಯಾಟರಿ ಉಳಿಸ್ಕೊಳ್ಳೋಕೆ ಕಟ್ ಮಾಡುತ್ತೆ, ಬ್ರೇಕೂ ಅದರ ಜೊತೆ ಹೋಯ್ತು. ತುಂಬಿದ ಕೊಡಕ್ಕೆ ನೀರು ಹುಯ್ದಂಗೆ. ಇದನ್ನ ಮೋಟರ್ ಕೊಟ್ಟೋರು ಒಂದು ಮಾತು ಹೇಳ್ಬೇಕಿತ್ತು. ಸಪಾಟು ಊರಿನೋರಿಗೆ ಇದು ಯಾವತ್ತೂ ಗೊತ್ತಾಗಲ್ಲ, ಮನೆ ಮೇಲೆ ತೋಟ ಕೆಳಗೆ ಇರೋರಿಗೆ ದಿನದ ಮೊದಲ ಟ್ರಿಪ್ಪೇ ತುಂಬಿದ ಬ್ಯಾಟರಿಯಲ್ಲಿ ಇಳಿಯೋದು, ಬರೋದೇ ಹಂಗೆ.

ಈಗ ಚಾರ್ಜರಿಗೆ ಟೈಮರ್ ಹಾಕಿದೀನಿ, ಸುಮಾರು 90 ಪರ್ಸೆಂಟ್ ಆಗೋ ಹೊತ್ತಿಗೆ ನಿಲ್ಲುತ್ತೆ. ಜೊತೆಗೆ ಗಾಲಿಗೆ ಕೈಯಲ್ಲಿ ಹಿಡಿಯೋ ಡ್ರಮ್ ಬ್ರೇಕ್, ಕೇಬಲ್ ಎಳೆದ್ರೆ ಹಿಡಿಯೋದು, ಕರೆಂಟಿಗೂ ಅದಕ್ಕೂ ಸಂಬಂಧ ಇಲ್ಲ. ಇಷ್ಟಾದ್ರೂ ಏರಲ್ಲಿ ನಿಲ್ಲಿಸಿ ಕೈ ಬಿಡಲ್ಲ, ಗಾಲಿಗೆ ಕಲ್ಲು ಕೊಟ್ಟೇ ಕೊಡ್ತೀವಿ, ಮೋಟರ್ ತಡೆದ್ರೂ ಇಂಚಿಂಚು ಜಾರುತ್ತೆ. ಯಾರಾದ್ರೂ ಈ ಥರ ಬದಲಾಯಿಸೋದಾದ್ರೆ ಮೊದಲು ಡ್ರಮ್ ಬ್ರೇಕ್ ಹಾಕಿಸಿ, ಮೋಟರ್ ಆಮೇಲೆ.

ಮಳೆಗಾಲದ್ದು ಇನ್ನೊಂದು ಪಾಠ. ಮೊದಲ ವರ್ಷ ಗೇರ್ ಬಾಕ್ಸಿನ ಗ್ರೀಸ್ ಮಜ್ಜಿಗೆ ಥರ ಬೆಳ್ಳಗಾಗಿತ್ತು. ಸೀಲ್ ಸರಿ ಇತ್ತು, ತಪ್ಪು ನಮ್ದೇ. ಏರು ಹತ್ತಿ ಬಂದ ಬಿಸಿ ಗೇರ್ ಬಾಕ್ಸಿಗೆ ಅಂಗಳದಲ್ಲಿ ಪೈಪ್ ಹಿಡಿದು ತಣ್ಣೀರು ಬಿಡ್ತಿದ್ವಿ, ಒಳಗಿನ ಗಾಳಿ ತಣ್ಣಗಾಗಿ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನೇ ಹೀರ್ಕೊಳ್ತಿತ್ತು. ಈಗ ಸಂಜೆ ಗಾಡಿ ಬಂದ್ರೆ ಮೊದಲು ಅಂಗೈ ಹಿಂಭಾಗ ಗೇರ್ ಬಾಕ್ಸಿಗೆ ಮುಟ್ಟಿಸಿ ನೋಡ್ತೀನಿ, ಎಡಕ್ಕೂ ಬಲಕ್ಕೂ ಬಿಸಿ ಒಂದೇ ಇದ್ಯಾ ಅಂತ, ಕೊಟ್ಟಿಗೆ ಜಗಲಿ ಪಕ್ಕ ನಿಲ್ಲಿಸಿ, ಕಾಲಿಗೆ ಹತ್ತಿದ ಉಂಬಳ (ಜಿಗಣೆ) ಕಿತ್ತು, ಒಂದು ಲೋಟ ಕಷಾಯ ಕುಡಿದು, ಅಷ್ಟೊತ್ತಿಗೆ ತಣ್ಣಗಾಗಿರುತ್ತೆ, ಆಮೇಲೆ ತಂಬಿಗೆಯಲ್ಲಿ ನೀರು ಹುಯ್ದು ತೆಂಗಿನ ನಾರಿನಲ್ಲಿ ತಿಕ್ಕಿ ಬಟ್ಟೆಯಲ್ಲಿ ಒರೆಸ್ತೀನಿ. ಅಡಿಕೆ ಕೊಳೆ ರೋಗಕ್ಕೆ ಔಷಧಿ ಹೊಡೆಯೋ ದಿನ ಮಾತ್ರ ಅದರ ಒಂದು ತೊಟ್ಟೂ ಗಾಡಿ ಮೇಲೆ ಉಳೀಬಾರ್ದು, ಅದರಲ್ಲಿರೋ ಮೈಲುತುತ್ತದ (ಕಾಪರ್ ಸಲ್ಫೇಟ್) ನೀರು ಕಬ್ಬಿಣಾನೂ ಬಿಡಲ್ಲ ಅಲ್ಯೂಮಿನಿಯಂನೂ ಬಿಡಲ್ಲ, ಕನೆಕ್ಟರ್ ಪಿನ್ನು ಒಂದು ಸಲ ಹಸಿರು ತಿರುಗಿ ಹೋಗಿತ್ತು. ಈ ಅರ್ಧ ಗಂಟೆ ನನಗೆ ದಿನದಲ್ಲಿ ಬಹಳ ಇಷ್ಟ. ಹಿಂದೆ ಅಪ್ಪಯ್ಯ ಎತ್ತಿನ ಮೈ ತಿಕ್ಕಿ ತೊಳೀತಿದ್ದ ಜಾಗಾನೂ ಅದೇ.

ಬೇಜಾರಾಗೋದು ಎರಡು. ಸಪಾಟು ದಾರೀಲಿ ಗಂಟೆಗೆ ನಾಲ್ಕೂವರೆ ಕಿಲೋಮೀಟರಿಗಿಂತ ಜಾಸ್ತಿ ಓಡಲ್ಲ, ಖಾಲಿ ಗಾಡಿ ಹಿಂದೆ ನಡೀತಾ ಕೆಲವೊಮ್ಮೆ ತಾಳ್ಮೆ ಹೋಗುತ್ತೆ. ಮತ್ತೆ ಬ್ಯಾಟರಿ ಖಾಲಿ ಆದ್ರೆ ಕೈಯಲ್ಲಿ ತಳ್ಳೋಕಾಗಲ್ಲ, ತಳ್ಳಿದ್ರೆ 50 ಪಟ್ಟು ಗೇರಿನ ಮೂಲಕ ಮೋಟರನ್ನೂ ತಿರುಗಿಸ್ಬೇಕಲ್ಲ, ಗಾಲಿಯ ಪಿನ್ ಎಳೆದು ಬಿಡಿಸ್ಬೇಕು, ಬಿಡಿಸಿದ್ರೆ ಮೋಟರಿನ ತಡೆ ಇಲ್ಲ, ಹಂಗಾಗಿ ಏರಲ್ಲಿ ಯಾವತ್ತೂ ಪಿನ್ ಮುಟ್ಬಾರ್ದು ಅಂತ ಮನೆಯಲ್ಲಿ ಎಲ್ಲರಿಗೂ ಹೇಳಿಟ್ಟಿದೀನಿ.

ತೋಟ ಸಪಾಟಾಗಿದ್ರೆ ಹಬ್ ಮೋಟರೇ ಸಾಕು, ಸುಮ್ನೆ ದುಡ್ಡು ಹಾಕ್ಬೇಡಿ. ನಮ್ಮಂಥ ಏರಿದ್ರೆ ನಾನು ಮತ್ತೆ ಇದನ್ನೇ ಮಾಡಿಸ್ತೀನಿ. ಈ ಸಲ ಮಳೆ ಹಿಡಿಯೋ ಮುಂಚೆ ಕನೆಕ್ಟರುಗಳನ್ನ ಗಾಲಿ ಹತ್ರದಿಂದ ತೆಗೆದು ಹ್ಯಾಂಡಲ್ ಕೆಳಗೆ ಎತ್ತರಕ್ಕೆ ತರಿಸೋದಿದೆ, ವೈರ್ ತಂದಿಟ್ಟಿದೀನಿ, ಲೇತ್‌ನೋರು ಬಿಡುವಾದ ದಿನ ಬರ್ತೀನಿ ಅಂದಿದಾರೆ.